ನೀಲಿ ಬಾಣಗಳಿಗೆ ಸುಣ್ಣ ಬಳಿಸಿದವರಿಗೆ

ಕೈರೋ ನಗರದ ಕಾರ್ಯಾಗಾರ ಸ್ಥಳಾಂತರ ಕಚೇರಿಯ ನಿರ್ದೇಶಕರೇ,

ಮೇಲ್ಸೇತುವೆಯ ಕಂಬಗಳ ಮೇಲೆ ನೀಲಿ ಬಾಣ ಬರೆಯುತ್ತಿದ್ದವನು ನಾನು. ನೀವು ಸುಣ್ಣ ಬಳಿಸಿದಾಗಲೆಲ್ಲ ಮತ್ತೆ ಬರೆದವನೂ ನಾನೇ. ಯಾರ ಕೆಲಸವೆಂದು ನಿಮ್ಮ ಕಾವಲುಗಾರ ಕೇಳಿದಾಗ 'ಗೊತ್ತಿಲ್ಲ' ಎಂದುಬಿಟ್ಟೆ. ಈ ಊರಿನಲ್ಲಿ ಆ ಮಾತು ಆಡಿದವನು ಬಹುಶಃ ನಾನೊಬ್ಬನೇ.

ಕಾರುಗಳನ್ನು ಬೇಕಾದಂತೆ ಮಾರ್ಪಡಿಸಿಕೊಡುವ ಅಂಗಡಿಗಳೆಲ್ಲ ನಮ್ಮ ಹಳೆಯ ಓಣಿಯಲ್ಲಿದ್ದವು. ನಗರ ಸುಂದರವಾಗಬೇಕೆಂದು ನಮ್ಮನ್ನು ಮರುಭೂಮಿಯ ಅಂಚಿಗೆ ಸಾಗಿಸಿದಿರಿ. ಆಗಲಿ, ಧೂಳು ಎಲ್ಲಿದ್ದರೂ ಧೂಳೇ. ಆದರೆ ಒಂದೇ ಅಚ್ಚಿನ ಆ ಕಟ್ಟಡಗಳ ನಡುವೆ ನಮ್ಮನ್ನು ಹುಡುಕುವುದು ಹೇಗೆ? ಫೋನಿನ ನಕ್ಷೆಯಲ್ಲಿ ನಾವಿನ್ನೂ ಹಳೆಯ ಓಣಿಯಲ್ಲೇ ಇದ್ದೇವೆ. ಫಲಕ ಹಾಕಿದರೆ ಸೌಂದರ್ಯ ಕೆಡುತ್ತದಂತೆ. ಅಂಗಡಿಯ ದಾರಿ ತೋರಿಸಲೆಂದೇ ಬಾಣ ಬರೆದದ್ದು. ಇದನ್ನು ಹೇಳಲು ನಿಮ್ಮ ಕಚೇರಿಗೂ ಬಂದಿದ್ದೆ.

"ಕೇಳ್ಕೊಂಡು ಬರ್ತಾರೆ ಬಿಡಪ್ಪಾ. ಗಿರಾಕಿಗೆ ಬಾಯಿಲ್ವಾ?" ಎಂದರು ನಿಮ್ಮ ಗುಮಾಸ್ತರು.

"ದಾರೀಲಿ ಇರೋರಿಗೂ ಬಾಯಿದೆಯಲ್ಲ ಪಾಷಾ, ಅದೇ ತೊಂದ್ರೆ," ಎಂದೆ. ಅವರು ನಕ್ಕು ಚಹಾ ತರಿಸಿದರು. ಫಲಕ ತರಿಸಲಿಲ್ಲ.

ನೀವೂ ಈ ಊರಿನವರೇ. ದಾರಿ ಕೇಳಿದವನನ್ನು 'ಗೊತ್ತಿಲ್ಲ' ಎಂದು ಕಳುಹಿಸುವುದು ನಮ್ಮಲ್ಲಿ ಮನೆಗೆ ಬಂದವನಿಗೆ ಬಾಗಿಲು ಹಾಕಿದಂತೆ. ಆದ್ದರಿಂದ ಗೊತ್ತಿರಲಿ ಬಿಡಲಿ, ಎಲ್ಲರೂ ಏನಾದರೊಂದು ದಾರಿ ಹೇಳುತ್ತಾರೆ. ಇದು ತಮಗೆ ತಿಳಿಯದ ವಿಷಯವೇ?

ನಮ್ಮ ಹಳೆಯ ಓಣಿಯ ಪಕ್ಕದ ಬೀದಿಯ ಬಯೂಮಿ ಚಿಕ್ಕಪ್ಪನಿಗೆ ಚಿಕ್ಕಂದಿನಿಂದ ಎರಡೂ ಕಾಲುಗಳಲ್ಲಿ ಶಕ್ತಿಯಿಲ್ಲ. ಚಿಕ್ಕಪ್ಪನ ಹಳೆಯ ಫಿಯೆಟ್‌ಗೆ ನನ್ನ ಮೇಸ್ತ್ರಿ ಉಸ್ತಾ ಝೈನ್‌ಹುಮ್ ಕೈಯಿಂದಲೇ ಬ್ರೇಕ್ ಒತ್ತುವ ಸನ್ನೆಗೋಲು ಜೋಡಿಸಿಕೊಟ್ಟಿದ್ದರು. ಆ ಕಾರಿನಲ್ಲಿ ತಮ್ಮ ಬೀದಿಯ ಮಕ್ಕಳನ್ನು ಶಾಲೆಗೆ ಬಿಡುವುದೇ ಅವರ ಬದುಕು. ಸನ್ನೆಗೋಲು ಸಡಿಲವಾದಾಗ ಮೇಸ್ತ್ರಿಯನ್ನು ಹುಡುಕಿ ಹೊರಟರು. ಕಬ್ಬಿನ ಹಾಲು ಮಾರುವವನು, "ಉಸ್ತಾ ಝೈನ್‌ಹುಮ್ ತಾನೇ? ನಮ್ಮನೆ ಜನ ಇದ್ದಂಗೆ! ನೇರ ಹೋಗಿ, ಎರಡನೇ ಬಲಕ್ಕೆ ತಿರುಗಿ," ಎಂದನಂತೆ. ಅಲ್ಲಿದ್ದ ಪೊಲೀಸಿನವನು ಎಡಕ್ಕೆ ಕಳುಹಿಸಿದ. ಇಳಿದು ನಡೆದು ಹುಡುಕೋಣವೆಂದರೆ ಕಾಲಲ್ಲಿ ಬಲವಿಲ್ಲ. ಸಂಜೆಯವರೆಗೂ ಸುತ್ತಿದರು. ಕೊನೆಗೆ ಸೇತುವೆಯ ತಿರುವಿನಲ್ಲಿ ಸನ್ನೆಗೋಲು ಕಳಚಿಕೊಂಡಿತು. ಕಾರು ಗುದ್ದಿದ್ದು ನೀವು ಹೊಸದಾಗಿ ಸುಣ್ಣ ಬಳಿಸಿದ ಕಂಬಕ್ಕೆ. ಆ ಸುಣ್ಣದ ಕೆಳಗೆ ನನ್ನ ಬಾಣವಿತ್ತು.

ಜೀವ ಉಳಿಯಿತು. ಭುಜ ಮುರಿಯಿತು, ಕಾರು ಗುಜರಿಗೆ ಹೋಯಿತು. ಈಗ ನೆರೆಯವರು ಅವರನ್ನು ಎತ್ತಿ ತಂದು ಕಾಫಿ ಅಂಗಡಿಯ ಮುಂದೆ ಕೂರಿಸುತ್ತಾರೆ. ಮಕ್ಕಳು ನಡೆದೇ ಶಾಲೆಗೆ ಹೋಗುವುದನ್ನು ಚಿಕ್ಕಪ್ಪ ನೋಡುತ್ತಿರುತ್ತಾರೆ.

"ದಾರಿ ತಪ್ಪಿಸಿದೋರ ಮೇಲೆ ಸಿಟ್ಟಿಲ್ವಾ ಚಿಕ್ಕಪ್ಪಾ?" ಎಂದು ಕೇಳಿದೆ.

"ಯಾಕೋ ಸಿಟ್ಟು? ಎಲ್ಲಾ ನಗ್ತಾ ನಗ್ತಾ ಹೇಳಿದ್ರು. ನನ್ನ ಕೇಳಿದ್ರೆ ನಾನೂ ಹಂಗೇ ಹೇಳ್ತಿದ್ದೆ ಕಣೋ."

ಅವರಿಗೇ ಸಿಟ್ಟಿಲ್ಲ. ನನ್ನ ಸಿಟ್ಟನ್ನು ನಾನು ಎಲ್ಲಿಗೆ ಒಯ್ಯಲಿ? ಶಾಲೆಯನ್ನು ಅರ್ಧಕ್ಕೆ ಬಿಟ್ಟವನು. ಬಾಣ ಬರೆಯಲಷ್ಟೇ ಬರುತ್ತದೆ, ಅದನ್ನೂ ನೀವು ಅಳಿಸುತ್ತೀರಿ. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ಇಬ್ಬರಿಗೆ ಕೆಲಸವೂ ಉಳಿದಿಲ್ಲ.

ಆ ತಿರುವಿನಲ್ಲಿ ಒಂದು ಫಲಕ ಹಾಕಿಸಿ. ನಿಮಗಿಷ್ಟವಾದ ಬಣ್ಣದಲ್ಲೇ ಇರಲಿ, ಮೇಲೆ ನಿಮ್ಮ ಹೆಸರನ್ನೇ ದೊಡ್ಡದಾಗಿ ಬರೆಸಿಕೊಳ್ಳಿ. ಕೆಳಗೆ ಒಂದು ಬಾಣವಿದ್ದರೆ ಸಾಕು.

ಇಂತಿ,
ಯಾರನ್ನೂ ದಾರಿಗೆ ಹಚ್ಚಲಾಗದ
ಶಹಾತಾ

ಉತ್ತರವನ್ನು ಉಸ್ತಾ ಝೈನ್‌ಹುಮ್ ಅಂಗಡಿಗೆ ಕಳುಹಿಸಿ. ವಿಳಾಸ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ನಾಳೆ ಕೆಲಸ ಹುಡುಕಿಕೊಂಡು ಪೋರ್ಟ್ ಸಯೀದ್‌ಗೆ ಹೊರಡುತ್ತಿದ್ದೇನೆ.