ನೂರಾ ಹದಿನೇಳನೇ ಬಿಲ್ಲೆ

೯-೧೦-೭೮, ಸೋಮವಾರ. ಹಾಸ್ಟೆಲ್, ಚಿತ್ರದುರ್ಗ

ಕೆಮಿಸ್ಟ್ರಿ ಪ್ರಾಕ್ಟಿಕಲ್. ಪಿಪೆಟ್‌ನಿಂದ ಎರಡು ಹನಿ ಹೆಚ್ಚು ಬಿದ್ದವು. ಲೆಕ್ಚರರ್ ನೋಡಿ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು — ಅದೇ ಹೆಚ್ಚು ಭಯ. ಐದನೇ ಕ್ಲಾಸಿನಿಂದ ಹಾಸ್ಟೆಲ್ ಅನ್ನ ತಿಂದವಳು ನಾನು. ಆದರೂ ಹೊಸ ರೂಮು ಅಂದರೆ ಹೊಟ್ಟೆನೋವು.

ರೂಮ್‌ಮೇಟ್ ಶಬನಾ ಕೇಳಿದಳು, ನಿಮ್ಮಮ್ಮ ಏನು ಮಾಡ್ತಾರೆ? ಟೀಚರ್ ಅಂದೆ. ಹಿರಿಯೂರಿನ ನೂಲಿನ ಮಿಲ್ಲಿನಲ್ಲಿ ಲಡಿ ಸುತ್ತುತ್ತಾಳೆ ಅನ್ನಲು ನಾಲಿಗೆ ಏಳಲಿಲ್ಲ. ಥೂ ನನಗೆ.

ಸಂಜೆ ಬಸ್ಸಿಗೆ ಊರಿಗೆ. ಹಬ್ಬದ ರಜೆ.

೧೦-೧೦-೭೮, ಆಯುಧಪೂಜೆ. ಹಿರಿಯೂರು

ಅವ್ವನ ಜೊತೆ ಮಿಲ್ಲಿಗೆ ಹೋದೆ. ಈ ದಿನ ಯಂತ್ರ, ಸ್ಪ್ಯಾನರ್ ಜೊತೆ ಎಲ್ಲರ ಹಿತ್ತಾಳೆ ಬಿಲ್ಲೆಗಳನ್ನೂ ತಟ್ಟೆಯಲ್ಲಿಟ್ಟು ಪೂಜೆ ಮಾಡುತ್ತಾರೆ. ಬಿಲ್ಲೆ ಇದ್ದವರು ಕಾಯಂ ಆಳು. ಬೆಳಗ್ಗೆ ಗೇಟಿನ ಡಬ್ಬಿಗೆ ಹಾಕಿದರೆ ಹಾಜರಿ. ಹಬ್ಬ ಮುಗಿದ ಮೇಲೆ ಮಂಡಕ್ಕಿ, ಬತ್ತಾಸಿನ ಜೊತೆ ಅವರವರ ಬಿಲ್ಲೆ ಅವರವರ ಕೈಗೆ.

ಗುಂಪು ಕಂಡರೆ ನನ್ನ ಕೈಗೆ ಏನಾದರೂ ಕೆಲಸ ಬೇಕು. ಲಡಿ ಸುತ್ತುವ ರೀಲಿಂಗ್ ಖಾತೆಯ ಹೆಂಗಸರ ಬಿಲ್ಲೆಗಳನ್ನು ಒಂದೊಂದಾಗಿ ಈ ಡೈರಿಯ ಹಾಳೆಯ ಕೆಳಗಿಟ್ಟು ಪೆನ್ಸಿಲ್ ಉಜ್ಜಿದೆ, ಚಿಕ್ಕವಳಿದ್ದಾಗ ಕಾಸು ಉಜ್ಜುತ್ತಿದ್ದಂತೆ. ಮಿಲ್ಲಿನ ಹೆಸರು, ನಂಬರು, ಅಂಚಿನ ಜಜ್ಜು — ಎಲ್ಲ ಮೂಡಿತು.

"ಬರೇ ನಂಬರ್ ಯಾಕವ್ವ, ಹೆಸ್ರೂ ಬರಿ," ಅಂದಳು ಅವ್ವನ ಪಕ್ಕದ ಯಂತ್ರದ ಕಾಳಕ್ಕ. "ರೇಷನ್ ಕಾರ್ಡ್ ಬಿಟ್ರೆ ನನ್ನೆಸ್ರು ಎಲ್ಲೂ ಇಲ್ಲ. ದೊಡ್ಡಕ್ಷರದಾಗೆ ಬರಿ."

ನಲವತ್ತೊಂದು ಅಚ್ಚು, ನಲವತ್ತೊಂದು ಹೆಸರು. ಉಚ್ಚಂಗಮ್ಮ, ನಮ್ಮವ್ವ — ೧೧೭. ಅಂಚಿನಲ್ಲಿ ಕಚ್ಚು. ನಾನು ಮಗುವಾಗಿದ್ದಾಗ ಒರಳಿಗೆ ಹಾಕಿ ಕುಟ್ಟಿದ್ದೆನಂತೆ.

ಫಿಟ್ಟರ್ ಮಕ್ಸೂದ್ ಸಾಬರು ಮೂಲೆಯಲ್ಲಿ ಒಬ್ಬರೇ ಕೂತಿದ್ದರು. ಕಾರ್ಮಿಕ ಸಂಘದ ಸೆಕ್ರೆಟರಿ. ಎಪ್ಪತ್ನಾಲ್ಕರ ಮುಷ್ಕರದಲ್ಲಿ ಮುನ್ನೂರು ಜನ ಇದ್ದ ಸಂಘ. ಸಂಘ ಬಿಟ್ಟವರಿಗೆ ಕ್ವಾರ್ಟರ್ಸ್ ಕೊಡ್ತೀನಿ ಅಂತ ಮಿಲ್ಲಿನ ಸಾಹುಕಾರರು ಅಂದದ್ದೇ, ಗಂಡಸರು ಒಬ್ಬೊಬ್ಬರಾಗಿ ಸಂಘ ಬಿಟ್ಟರು. ಉಳಿದದ್ದು ಇವರು, ಈ ನಲವತ್ತೊಂದು ಹೆಂಗಸರು.

"ಮೊದ್ಲು ಭಾಷಣಕ್ಕೆ ಮೈಕ್ ಬೇಕಿತ್ತಮ್ಮ," ಅಂದರು. "ಈಗ ಕೆಮ್ಮಿದ್ರೂ ಇಡೀ ಸಂಘಕ್ಕೆ ಕೇಳ್ತೈತೆ."

೧೨-೧೦-೭೮, ಗುರುವಾರ

ಗೇಟಿನಲ್ಲಿ ಗಂಡಸರಿಗೆ ಬಿಲ್ಲೆ, ಮಂಡಕ್ಕಿ. ಹೆಂಗಸರಿಗೆ ಬರೀ ಮಂಡಕ್ಕಿ.

ಹಾಜರಿ ಬರೆಯುವ ರೈಟರ್ ಗಂಗಾಧರಪ್ಪ ಹೊಸ ರಿಜಿಸ್ಟರ್ ಬಿಚ್ಚಿದ. "ನೀವೆಲ್ಲ ಜುಂಜಣ್ಣ ಮೇಸ್ತ್ರಿ ಆಳು. ಮೊದ್ಲಿಂದ್ಲೂ ಗುತ್ತಿಗೇನೆ. ನಿಮಗೆಲ್ಲಿದ್ವು ಬಿಲ್ಲೆ?"

"ಮೊನ್ನೆ ಕುಂಕುಮ ಇಟ್ಟಿದ್ದು ಯಾವುದಕ್ಕಪ್ಪ, ನಿಮ್ಮಜ್ಜನ ಹಣೆಗಾ?" — ಕಾಳಕ್ಕ.

ಯಾರೂ ನಗಲಿಲ್ಲ. ಇನ್ನು ಮೇಸ್ತ್ರಿ ಬೇಡ ಅಂದ ದಿನ ಕೆಲಸ ಇಲ್ಲ. ಈ ಮಿಲ್ಲಿನ ಸಂಘಕ್ಕೂ ಗುತ್ತಿಗೆ ಆಳಿಗೂ ಸಂಬಂಧ ಇಲ್ಲ. ಅಂದರೆ ಸಂಘವೇ ಇಲ್ಲ. ಹದಿನಾಲ್ಕು ವರ್ಷ ದುಡಿದ ಅವ್ವ, ಪೂಜೆ ಅಂತ ತಾನೇ ತನ್ನ ಕೈಯಾರೆ ತಟ್ಟೆಗೆ ಇಟ್ಟಳಲ್ಲ...

೧೫-೧೦-೭೮, ಭಾನುವಾರ

ಮಕ್ಸೂದ್ ಸಾಬರು ಮನೆಗೆ ಬಂದಿದ್ದರು. "ದೂರು ಕೊಟ್ರೆ ಲೇಬರ್ ಆಫೀಸರ್ ಸಾಕ್ಷಿ ಕೇಳ್ತಾರೆ ಉಚ್ಚಂಗಮ್ಮ. ಹಾಜರಿ ಪುಸ್ತಕ ಅವರ ಕೈಯಾಗೈತೆ. ನಮ್ ಕೈಯಾಗೆ ಏನೈತೆ?"

ನನ್ನ ಡೈರಿ, ಅಂದೆ. ಕೂಡಲೇ ಸೇರಿಸಿದೆ, ಆ ಮೂರು ಹಾಳೆ ಹರಿದು ಕೊಡ್ತೀನಿ...

"ಹರಿದ ಹಾಳೆ ಯಾರು ಬೇಕಾದ್ರೂ ನಿನ್ನೆ ರಾತ್ರಿ ಉಜ್ಜಬೋದು ಕಣಮ್ಮ. ತಾರೀಖು ಸಾಲಾಗಿರೋ ಪುಸ್ತಕ ಬೇಕು."

ಇಡೀ ಪುಸ್ತಕ! ಒಂಬತ್ತನೇ ತಾರೀಖೂ ಇದರಲ್ಲೇ ಇದೆ. ಟೀಚರ್ ಅಂದದ್ದು. ವಿಚಾರಣೆಯಲ್ಲಿ ಅವ್ವನೂ ಇರುತ್ತಾಳೆ. ಅದೊಂದು ಹಾಳೆ ಕತ್ತರಿಸಿದರೆ? ಬ್ಲೇಡ್ ತೆಗೆದೆ. ನಡುವೆ ಒಂದು ಹಾಳೆ ಹೋಗಿದ್ದರೆ ಉಳಿದದ್ದನ್ನು ಯಾರು ನಂಬುತ್ತಾರೆ?

ಬ್ಲೇಡ್ ಒಳಗಿಟ್ಟೆ. ನಾಳೆ ಕೊಡ್ತೀನಿ.

೮-೧೧-೭೮, ಬುಧವಾರ. ಹಾಸ್ಟೆಲ್

ಡೈರಿ ವಾಪಸ್ಸು! ಮೂರು ಹಾಳೆಗೂ ರಬ್ಬರ್ ಸ್ಟಾಂಪು, ನೀಲಿ ಸಹಿ. ಮುಟ್ಟಿ ಮುಟ್ಟಿ ನೋಡಿದೆ.

ಸೋಮವಾರ ಆಫೀಸರ್ ಮಿಲ್ಲಿಗೇ ಬಂದು ವಿಚಾರಣೆ ಮಾಡಿದರು. ಸಾಹುಕಾರರ ವಕೀಲರು ಡೈರಿ ತಿರುವಿದವರು ನೇರ ಒಂಬತ್ತನೇ ತಾರೀಖಿಗೇ ಹೋದರು. ಎಲ್ಲರ ಮುಂದೆ ಓದಿದರು, ಟೀಚರ್ ಅಂದೆ... ಥೂ ನನಗೆ. "ಸುಳ್ಳು ಹೇಳ್ತೀನಿ ಅಂತ ಈ ಹುಡುಗೀನೇ ಬರ್ಕೊಂಡಿದಾಳೆ ಸಾರ್. ಈ ಪುಸ್ತಕಕ್ಕೇನು ಬೆಲೆ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವ್ವ ನನ್ನನ್ನೇ ನೋಡಿದಳು. ಆಮೇಲೆ — ನಕ್ಕಳು!

"ಟೀಚರೇ ಸೈ ಬಿಡ್ರಿ ಸಾಮಿ. ಎಳೆ ಹರಿದ್ರೆ ಗಂಟು ಹಾಕದು ಹೆಂಗೆ ಅಂತ ಇಪ್ಪತ್ತು ಹುಡುಗೇರಿಗೆ ಕಲಿಸೀನಿ. ನೀವೂ ಬರ್ರಿ, ಕಲಿಸ್ತೀನಿ."

ಆಫೀಸರ್ ಬಾಯಿಗೆ ಕರ್ಚೀಫು ಅಡ್ಡ ಹಿಡಿದರು. ಆಮೇಲೆ ೧೧೭ರ ಅಚ್ಚು ತೋರಿಸಿ ಜುಂಜಣ್ಣನನ್ನು ಕೇಳಿದರು, "ಬಿಲ್ಲೇನೇ ಇರಲಿಲ್ಲ ಅಂದ್ರೆ ಇದೆಲ್ಲಿಂದ ಬಂತು? ಕರಗಿಸಿಬಿಟ್ರಾ?"

"ಅಯ್ಯಯ್ಯೋ, ಪೂಜೆ ಮಾಡಿದ್ದನ್ನ ಯಾರಾರ ಕರಗಿಸ್ತಾರೇನ್ರಿ?" ಜುಂಜಣ್ಣ ಕೆನ್ನೆ ಬಡಿದುಕೊಂಡ. "ದೇವರ ಗೂಡಿನಾಗೆ ಅವೆ."

ಗಂಗಾಧರಪ್ಪನ ಪೆನ್ನು ಕೆಳಗೆ ಬಿತ್ತು.

ತಟ್ಟೆ ಬಂತು. ನಲವತ್ತೊಂದು ಬಿಲ್ಲೆ, ಒಣಗಿದ ಕುಂಕುಮ, ಬಾಡಿದ ಚೆಂಡುಹೂವು. ಆಫೀಸರ್ ೧೧೭ ಎತ್ತಿ ಹಾಳೆಯ ಮೇಲಿಟ್ಟರು. ಕಚ್ಚಿಗೆ ಕಚ್ಚು ಕೂತಿತು. ಒರಳಲ್ಲಿ ಕುಟ್ಟಿದ್ದು ನಾನೇ!! ಸಾಹುಕಾರರು ಗೋಡೆ ಗಡಿಯಾರ ನೋಡುತ್ತಾ ಒಪ್ಪಂದಕ್ಕೆ ಸಹಿ ಹಾಕಿದರು. ಎಲ್ಲರೂ ಕಾಯಂ. ಕಾಳಕ್ಕ ಬಿಲ್ಲೆಗೆ ಮುತ್ತಿಟ್ಟು, ಕುಂಕುಮ ಮೂಗಿಗೆ ಹತ್ತಿ, ಮೂರು ಸಲ ಸೀನಿದಳು.

ರಾತ್ರಿ ಶಬನಾಗೆ ನಿಜ ಹೇಳಿದೆ. ಅವ್ವ ಮಿಲ್ಲಿನಲ್ಲಿ ಲಡಿ ಸುತ್ತುತ್ತಾಳೆ ಅಂದೆ. ಅವಳು ಅಂದದ್ದು ಇಷ್ಟೇ — "ಅಚ್ಚು ತೋರ್ಸೇ."

೧೨-೧೧-೭೮, ಭಾನುವಾರ, ಬೆಳಗ್ಗೆ ಹನ್ನೊಂದು. ಸಂಘದ ಕೋಣೆ, ಹಿರಿಯೂರು

ಮಕ್ಸೂದ್ ಸಾಬರು ಹೇಳಿಕಳಿಸಿದ್ದರು, ಡೈರಿ ತಗೊಂಡು ಬಾ ಅಂತ. ಯಾಕೆ ಅಂತ ಹೇಳಿರಲಿಲ್ಲ. ಮತ್ತೆ ಏನಾಯಿತೋ ಅಂತ ಓಡಿ ಬಂದರೆ — ಬಾಗಿಲಲ್ಲಿ ಚಪ್ಪಲಿ ರಾಶಿ. ಗಂಡಸರ ಚಪ್ಪಲಿ.

ಮೊದಲು ನಿಂತವರು ಬಾಯ್ಲರ್ ಕಾಟಯ್ಯ. ಎಲ್ಲರಿಗಿಂತ ಮೊದಲು ಸಂಘ ಬಿಟ್ಟವರೂ ಅವರೇ. ತಲೆ ಎತ್ತದೆ ಬಿಲ್ಲೆ ಮುಂದಿಟ್ಟರು. "ನಂದೂ ಉಜ್ಜಮ್ಮ. ಹೆಸ್ರು ಬರಿ."

"ಈಗ ಬಂದ್ಯೇನಪ್ಪ ಕಾಟಣ್ಣ, ಕ್ವಾರ್ಟರ್ಸ್ ಸೋರ್ತೈತಾ?" ಕಾಳಕ್ಕ ಬಿಡಲಿಲ್ಲ.

"ಇನ್ನೂ ಕಟ್ಟೇ ಇಲ್ಲ ಕಣಕ್ಕ."

ಕೋಣೆ ತುಂಬ ನಗು. ಮಕ್ಸೂದ್ ಸಾಬರು ಏನೋ ಹೇಳಲು ಎದ್ದರು. ಯಾರಿಗೂ ಕೇಳಿಸಲಿಲ್ಲ. "ಮೈಕ್ ತರ್ರೋ!" ಅಂತ ಕೂಗಿದರು, ಕಣ್ಣು ಒರೆಸಿಕೊಳ್ಳುತ್ತಾ.

ಅವ್ವ ಪಕ್ಕದಲ್ಲಿ ಕೂತು ಪೆನ್ಸಿಲ್ ಹೆರೆದು ಹೆರೆದು ಕೊಡುತ್ತಿದ್ದಾಳೆ. ಸಾಲು ಬೀದಿಯವರೆಗೂ ಇದೆ. ಹಾಳೆ ಸಾಲುತ್ತದೋ ಇಲ್ಲವೋ. ಬರೆಯಲು ಪುರುಸೊತ್ತಿಲ್ಲ, ಮುಂದಿನ ನಂಬರು ೨೦೩, ಹೆಸರು —