ಹುಳುವಿನ ಹೊಟ್ಟೆಯ ದಾರ

ಕೈಲಾಂಚ
೧೫-೬-೨೦೨೫, ಭಾನುವಾರ

ನನ್ನ ಮುದ್ದಿನ ಸಿರಿಗೆ ಅಮ್ಮ ಮಾಡುವ ಆಶೀರ್ವಾದ.

ನಾವು ಚೆನ್ನಾಗಿದ್ದೇವೆ. ನಿನ್ನ ಹಿಮಾಚಲದಲ್ಲಿ ಚಳಿ ಬಿಟ್ಟಿತೇ? ಫೋನ್ ಇರುವಾಗ ಈ ಅಮ್ಮನಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ವಿಷಯಕ್ಕೆ ಬಾ ಅನ್ನುತ್ತೀಯ. ಪಕ್ಕದಲ್ಲಿ ನಿಮ್ಮಪ್ಪ ಪೇಪರ್ ಹಿಡಿದುಕೊಂಡು ಕಿವಿ ಇಲ್ಲಿಟ್ಟು ಕೂತಿರುತ್ತಾರೆ. ಸಂಕ್ರಾಂತಿಗೆ ಬಂದಾಗ ನೀನು ಕೇಳಿ ಹೋದ ಮಾತಿಗೆ ಈ ಕಾಗದದಲ್ಲಿ ಉತ್ತರ ಇದೆ. ಕೊನೆಯ ಹಾಳೆಗೆ ಹಾರಬೇಡ, ಸಾಲಾಗಿ ಓದು. ಐದು ತಿಂಗಳು ಕಾದವಳು ಇನ್ನು ಸ್ವಲ್ಪ ಹೊತ್ತು ಕಾಯಬಹುದು.

ನಿನಗೆ ನೆನಪಿದೆಯಲ್ಲ, ಎಳ್ಳು ಬೀರಿ ಬಂದವಳು ಅಡುಗೆಮನೆಯ ಹೊಸಲಿನಲ್ಲಿ ನಿಂತು, ಖೇಮ್‌ರಾಜ್ ಎನ್ನುವ ಹುಡುಗನನ್ನು ಮದುವೆಯಾಗಬೇಕು ಅಂತಿದ್ದೇನೆ, ನೀವಿಬ್ಬರೂ ಒಪ್ಪದೆ ಆಗುವುದಿಲ್ಲ, ಹಾಗಂತ ಬೇರೆಯವರನ್ನೂ ಆಗುವುದಿಲ್ಲ ಅಂದೆ. ನಿಮ್ಮಪ್ಪ ಎದ್ದು ಹಸುವಿಗೆ ನೀರು ಕುಡಿಸುತ್ತೇನೆಂದು ಹೊರಟುಹೋದರು. ಹಸು ಆಗಲೇ ಕುಡಿದಾಗಿತ್ತು. ನಾನು, ಹುಡುಗ ಏನು ಕೆಲಸ ಮಾಡುತ್ತಾನೆ ಎಂದು ಕೇಳಿದೆ. ಬಂದವರನ್ನು ಹೊಳೆಗೆ ಕರೆದುಕೊಂಡು ಹೋಗಿ ಟ್ರೌಟ್ ಮೀನು ಹಿಡಿಯುವುದನ್ನು ಕಲಿಸುತ್ತಾನೆ ಎಂದು ನೀನು ಅಂದೆ. ಹಿಡಿದ ಮೀನನ್ನು ಎಷ್ಟೋ ಸಲ ಮತ್ತೆ ನೀರಿಗೇ ಬಿಡುತ್ತಾರೆ ಅಂತಲೂ ಅಂದೆ. ಅಲ್ಲಿಗೆ ನನ್ನ ತಲೆ ಕೆಟ್ಟಿತು. ಮೀನು ಮರಿ ಮಾಡಿಸುವ ಸರ್ಕಾರಿ ಕೆಲಸಕ್ಕೆಂದು ಅಷ್ಟು ದೂರ ಹೋದವಳು ಮೀನು ಹಿಡಿದು ಬಿಡುವವನನ್ನು ಹುಡುಕಿಕೊಂಡಳಲ್ಲ ಅನ್ನಿಸಿತು.

ಆದರೂ ನಿನ್ನ ಬಾಯಿಂದ ಬರುವ ಒಂದೊಂದು ಮಾತೂ ನನ್ನನ್ನು ಎಳೆಯುತ್ತಿತ್ತು. ನಿಮ್ಮಪ್ಪನ ಗಾಳ ನನಗೆ ಗೊತ್ತು. ಒಂದು ಬಿದಿರು ಕೋಲು, ಮೇಲೆ ತೇಲುವ ಬೆಂಡು, ಕೊಕ್ಕೆಗೆ ರಾಗಿ ಹಿಟ್ಟಿನ ಉಂಡೆ, ಕಣ್ವ ಡ್ಯಾಮಿನ ಹಿನ್ನೀರಿನ ದಡದಲ್ಲಿ ಕೂತರೆ ಸಾಯಂಕಾಲಕ್ಕೆ ನಾಲ್ಕು ಜಿಲೇಬಿ ಮೀನು. ನಿನ್ನ ಟ್ರೌಟು ರಾಗಿ ಮೂಸಿಯೂ ನೋಡುವುದಿಲ್ಲವಂತೆ. ಅದಕ್ಕೆ ಕೋಳಿ ಪುಕ್ಕ, ದಾರ ಸುತ್ತಿ ಮಾಡಿದ ಸುಳ್ಳು ನೊಣ ಬೇಕಂತೆ. ಸಣ್ಣ ತೊರೆಗೆ ಹಗುರವಾದ ಗಿಡ್ಡ ಕೋಲು, ದೊಡ್ಡ ಹೊಳೆಗೆ ಉದ್ದದ್ದು. ಸಮುದ್ರದಿಂದ ಹೊಳೆ ಹತ್ತಿ ಬರುವ ಸಾಲ್ಮನ್ ಎನ್ನುವ ದೊಡ್ಡ ಜಾತಿ ನಮ್ಮ ದೇಶದ ಹೊಳೆಯಲ್ಲಿಲ್ಲ, ಇರುವ ಕಡೆ ಎರಡು ಕೈಯಲ್ಲೂ ಹಿಡಿಯುವ ಕೋಲು ತರುತ್ತಾರೆ ಅಂದೆ. ನೀರು ಗಾಜಿನ ಹಾಗೆ ತಿಳಿಯಾಗಿರುವುದರಿಂದ ತುದಿಯ ದಾರ ಮೀನಿನ ಕಣ್ಣಿಗೆ ಬೀಳಬಾರದು, ದಪ್ಪ ದಾರ ಕಂಡರೆ ಬರುವುದೇ ಇಲ್ಲ ಅಂದೆ. ಇಷ್ಟೆಲ್ಲ ಗೊತ್ತಿರುವ ಹುಡುಗನಿಗೆ ತಾಳ್ಮೆಯಾದರೂ ಇರಬೇಕು ಎಂದು ನಾನು ಮನಸ್ಸಿನಲ್ಲೇ ಒಂದು ಅಂಕ ಕೊಟ್ಟೆ. ನಿನಗೆ ಹೇಳಲಿಲ್ಲ.

ಹೊರಡುವ ಹಿಂದಿನ ದಿನ ಬಟ್ಟೆ ಮಡಿಸುತ್ತಾ ಇನ್ನೊಂದು ಹೇಳಿದೆ. ನೈಲಾನ್ ಬರುವ ಮೊದಲು ಗಾಳದ ತುದಿಗೆ ರೇಷ್ಮೆ ಹುಳುವಿನ ಹೊಟ್ಟೆಯಿಂದಲೇ ಎಳೆದ ದಾರ ಕಟ್ಟುತ್ತಿದ್ದರು, ಖೇಮ್‌ರಾಜ್ ತನ್ನ ತಾತನ ಡಬ್ಬಿಯಲ್ಲಿ ಅದನ್ನು ನೋಡಿದ್ದಾನೆ, ಈಗ ಎಲ್ಲೂ ಸಿಗುವುದಿಲ್ಲ ಅಂದೆ. ನಾನು ಮದುವೆಯಾಗಿ ಬಂದಾಗಿನಿಂದ ಈ ಹುಳುಗಳಿಗೆ ಸೊಪ್ಪು ಹಾಕಿದವಳು. ಪೊರೆ ಬಿಡಲು ಹುಳು ಜ್ವರಕ್ಕೆ ಕೂತಾಗ ಉಸಿರು ಬಿಗಿಹಿಡಿದು, ಜ್ವರ ಬಿಟ್ಟು ಎದ್ದಾಗ ಸೊಪ್ಪು ಹಾಕಿ, ಗೂಡು ಕಟ್ಟುವಷ್ಟು ಹಣ್ಣಾದ ಹುಳು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಕಳಿಸಿದವಳು. ಆ ಹೊಟ್ಟೆಯೊಳಗೆ ಅಂಥ ದಾರ ಇದೆ ಎನ್ನುವುದು ನನಗೆ ಗೊತ್ತಿಲ್ಲ, ಹಿಮಾಲಯದಲ್ಲಿ ಕೂತವನಿಗೆ ಗೊತ್ತು! ನೀನು ಬಸ್ಸು ಹತ್ತಿದ ಮೇಲೆ ಅದೇ ಯೋಚನೆ. ನೀನು ಹೋದ ಬೇಜಾರನ್ನೂ ಅದು ಅಷ್ಟಿಷ್ಟು ಮರೆಸಿತು.

ಮುಂದಿನ ಬೆಳೆಯಲ್ಲಿ ಹುಳು ಹಣ್ಣಾದಾಗ ಒಂದು ಹಿಡಿ ತೆಗೆದು ಹುಣಸೆ ಹುಳಿಯಲ್ಲಿ ನೆನೆಹಾಕಿದೆ. ಹುಳಿಯಲ್ಲಿ ನೆನೆಸಬೇಕು ಎಂದು ನೀನು ಹೇಳಿದ್ದೆಯೇ ಹೊರತು ಯಾವ ಹುಳಿ ಅಂತ ಹೇಳಿರಲಿಲ್ಲ. ಬೆಳಗ್ಗೆ ನೋಡಿದರೆ ಎಲ್ಲ ಕರಗಿ ಗೊಜ್ಜು. ಆ ಪಾತ್ರೆ ಈಗಲೂ ಹಿತ್ತಲಿನಲ್ಲಿದೆ, ಒಳಗೆ ತರಲು ನಿಮ್ಮಪ್ಪ ಬಿಡುತ್ತಿಲ್ಲ. ಆಮೇಲೆ ಖುರ್ಷಿದಾಳನ್ನು ಕೇಳಿದೆ. ರಾಮನಗರದಲ್ಲಿ ಗೂಡು ಬೇಯಿಸಿ ನೂಲು ಬಿಚ್ಚಾಣಿಕೆ ಮಾಡುವ ನನ್ನ ಹಳೆಯ ಗೆಳತಿ, ನಿನಗೆ ಪ್ರತಿ ರಂಜಾನಿಗೂ ಶೀರ್ ಖುರ್ಮಾ ಕಳಿಸುತ್ತಿದ್ದವಳು. ಗೋಬಿ ಅಂಗಡಿಯವರು ಹಾಕುವ ವಿನಿಗರ್ ತಂದುಕೊಟ್ಟಳು. ಹುಳು ಎತ್ತಿಕೊಳ್ಳಲು ನಾನು ಹಿಂದೆ ಮುಂದೆ ನೋಡಿದ್ದಕ್ಕೆ ಅವಳಿಗೆ ಒಂದೇ ನಗು. "ಇಷ್ಟ್ ವರ್ಷ ಬೇಯಿಸೋ ಪಾಪಾನೆಲ್ಲ ನಮ್ ತಲೆಗೆ ಕಟ್ಬುಟ್ಟು ನೀನು ಆರಾಮಾಗಿ ಗೂಡು ಮಾರ್ದೆ. ಈಗ ಒಸಿ ನೀನೂ ತಗೋ" ಅಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಸಿಟ್ಟು ಬಂತು.

ರಾತ್ರಿಯೆಲ್ಲ ವಿನಿಗರಿನಲ್ಲಿ ನೆಂದ ಹುಳುವನ್ನು ಬೆಳಗ್ಗೆ ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಹರಿದರೆ ಒಳಗೆ ಎರಡು ಹಳದಿ ಎಳೆ. ತುದಿ ಹಿಡಿದು ಎಳೆದರೆ ಬಂತು ನೋಡು ಸಿರಿ, ಬಂತು, ಬಂತು, ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. ಹಲಗೆಗೆ ಗುಂಡುಪಿನ್ನು ಚುಚ್ಚಿ ಬಿಗಿದು ನೆರಳಿನಲ್ಲಿ ಒಣಗಿಸಿ, ಸೋಪು ನೀರಿನಲ್ಲಿ ತೊಳೆದರೆ ಬೆಳಕಿಗೆ ಹಿಡಿದಾಗ ಕಾಣುವುದೇ ಇಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ನಾನು ಕುಣಿಯುವುದೊಂದು ಬಾಕಿ. ಅಂಗಳದಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ. ಯಾರಿಗೂ ಅಷ್ಟೇನೂ ಅನ್ನಿಸಲಿಲ್ಲ.

ಆಗ ನನಗೆ ಒಂದು ಉಪಾಯ ಹೊಳೆಯಿತು. ಹೆಣ್ಣು ಕೊಡುವ ಮುಂಚೆ ನಾವು ಹುಡುಗನ ಮನೆ ನೋಡಿ ಬರುತ್ತೇವೆ. ಕೊಟ್ಟಿಗೆ ಇಣುಕಿ, ಬಾವಿ ಇಣುಕಿ, ಅಕ್ಕಪಕ್ಕದವರನ್ನು ಮಾತಾಡಿಸಿ ಬರುತ್ತೇವೆ. ನಿನ್ನ ಖೇಮ್‌ರಾಜನ ಬಾವಿ ಇಣುಕಲು ಮೂರು ರೈಲು ಬದಲಾಯಿಸಬೇಕು. ಇನ್ನು ಹುಡುಗನ ಬಾಯಿಮಾತು ನಂಬೋಣವೆಂದರೆ, ನಿನ್ನ ಚಿನ್ನಮ್ಮ ದೊಡ್ಡಮ್ಮನ ಕಥೆ ಗೊತ್ತಲ್ಲ. ಅವಳನ್ನು ನೋಡಲು ಬಂದ ದಿನ ದೊಡ್ಡಪ್ಪ ಉಪ್ಪಿಲ್ಲದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ಹೊಗಳಿದರು. ತಾಳಿ ಕಟ್ಟಿದ ಮೇಲೆ ಅವಳು ಮಾಡಿದ್ದು ಒಂದೂ ರುಚಿಸಲಿಲ್ಲ. ಅದಕ್ಕೇ ನಾನು ಎರಡು ಕಟ್ಟು ದಾರ ಮಾಡಿದೆ. ಕೆಂಪು ನೂಲು ಕಟ್ಟಿದ್ದು ಒಳ್ಳೆಯ ಹಣ್ಣು ಹುಳುವಿನದು. ಬಿಳಿ ನೂಲು ಕಟ್ಟಿದ್ದು ಸಪ್ಪೆ ರೋಗ ಬಿದ್ದು ಗುಂಡಿಗೆ ಹಾಕಬೇಕಾಗಿದ್ದ ಹುಳುವಿನದು. ನೋಡಲು ಎರಡೂ ಒಂದೇ. ನೀನು ಬಿಟ್ಟು ಹೋದ ಕಾರ್ಡಿನಲ್ಲಿ ಅವನ ವಿಳಾಸ ಇತ್ತು. ಖುರ್ಷಿದಾಳ ಮಗಳು ಯಾಸ್ಮಿನ್ ಹತ್ತಿರ ಹಿಂದಿಯಲ್ಲಿ ಎರಡು ಸಾಲು ಬರೆಸಿದೆ: ಎರಡನ್ನೂ ಹೊಳೆಯಲ್ಲಿ ಹಾಕಿ ನೋಡಿ ಹೇಗಿದೆ ತಿಳಿಸಪ್ಪ, ಸಿರಿಗೆ ಹೇಳಬೇಡ. ಏಪ್ರಿಲ್ ಕೊನೆಗೆ ರಿಜಿಸ್ಟರ್ ಮಾಡಿ ಕಳಿಸಿದೆ. ಅವನು ನಿನಗೆ ಹೇಳಿದ್ದಾನೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದರೆ ಈ ಕಾಗದದ ಅರ್ಧ ನಿನಗೆ ಹಳೆಯ ಸುದ್ದಿ.

ಎರಡೂ ತುಂಬಾ ಚೆನ್ನಾಗಿದೆ ಮಾತಾಜಿ ಎಂದು ಬರೆದರೆ ಅವನು ಉಪ್ಪಿಟ್ಟಿನವನು, ಬಿಳಿಯದು ಸರಿಯಿಲ್ಲ ಎಂದು ಬರೆದರೆ ಮುಂದೆ ಯೋಚಿಸೋಣ ಎಂದುಕೊಂಡಿದ್ದೆ. ಕೆಂಪನ್ನು ಅವನು ಹೊಗಳುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಹೋದ ವಾರ ಅವನ ಕಾಗದ ಬಂತು. ಯಾಸ್ಮಿನ್ ನಡುಮನೆಯಲ್ಲಿ ಕೂತು ಓದಿ ಓದಿ ಕನ್ನಡದಲ್ಲಿ ಹೇಳಿದಳು. ಬಿಳಿ ಕಟ್ಟು ಮೊದಲನೇ ಮೀನಿಗೇ ಕಿತ್ತುಹೋಯಿತಂತೆ, ಕೊಕ್ಕೆ ಮೀನಿನ ಬಾಯಲ್ಲೇ ಉಳಿಯಿತಂತೆ, ಪಾಪ ಅದು ಹೇಗಿದೆಯೋ ಎಂದು ಅವನಿಗೆ ಕಳವಳವಂತೆ. ಈ ಕಟ್ಟನ್ನು ದಯವಿಟ್ಟು ಯಾರಿಗೂ ಕೊಡಬೇಡಿ, ಹುಳುವಿಗೆ ಏನೋ ಕಾಯಿಲೆ ಇದ್ದಿರಬೇಕು ಎಂದು ಬರೆದಿದ್ದ. ನನ್ನ ಎದೆ ಹಿಗ್ಗಿತು. ಕೆಂಪಿನದು ಓದು ಅಂದೆ. ಕೆಂಪನ್ನು ನೀರಿನಲ್ಲಿ ನೆನೆಸದೆ ಗಂಟು ಹಾಕಿದರೆ ಮುರಿಯುತ್ತದೆ, ಒಂದೊಂದು ಎಳೆ ಗಿಡ್ಡ, ಮೂರು ಸೇರಿಸಿ ಕಟ್ಟಿದರೆ ಗಂಟಿನಲ್ಲಿ ಜಾರುತ್ತದೆ. ಅದರಲ್ಲಿ ಒಂದು ಟ್ರೌಟ್ ಹಿಡಿದು ಬಿಟ್ಟೆ, ತಾತನ ನೆನಪಾಗಿ ತುಂಬಾ ಸಂತೋಷವಾಯಿತು. ಆದರೆ ಮಾತಾಜಿ, ನಿಜ ಹೇಳಬೇಕೆಂದರೆ ನೈಲಾನೇ ವಾಸಿ, ನಾನು ದಿನವೂ ಬಳಸುವುದು ಅದನ್ನೇ, ಇದಕ್ಕಾಗಿ ಇನ್ನು ಹುಳು ಕೊಲ್ಲಬೇಡಿ. ಹೀಗಂತ ಬರೆದಿದ್ದ.

ನನಗೆ ಹೇಗಾಗಿರಬೇಡ! ನನ್ನ ಹುಳು, ನನ್ನ ಕೈ, ಅಷ್ಟು ದಿನದ ನನ್ನ ಒದ್ದಾಟ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ದಾರ ವಾಸಿಯಂತೆ. ಯಾಸ್ಮಿನ್ ಮುಂದೆಯೇ ಬೈದೆ. ಇಂಥ ಒರಟನಿಗೆ ನನ್ನ ಮಗಳನ್ನು ಕೊಡುವುದಿಲ್ಲ, ದೊಡ್ಡವರಿಗೆ ಹೇಗೆ ಬರೆಯಬೇಕು ಎಂದು ಗೊತ್ತಿಲ್ಲ, ತಾಯಿ ತಂದೆ ಏನು ಕಲಿಸಿದ್ದಾರೋ ಅಂದೆ. ನಿಜ ಹೇಳಲಿ ಎಂದು ಪರೀಕ್ಷೆ ಇಟ್ಟವಳು ನಾನೇ ಎನ್ನುವುದು ಆ ಹೊತ್ತಿನಲ್ಲಿ ಪೂರ್ತಿ ಮರೆತುಹೋಗಿತ್ತು.

ಆಗ ಬಾಗಿಲ ಹಿಂದಿನಿಂದ ನಿಮ್ಮಪ್ಪ ಬಂದರು. ಸಂಕ್ರಾಂತಿಯಿಂದ ಆ ಹುಡುಗನ ಹೆಸರು ಎತ್ತದ ಮನುಷ್ಯ. ಗೋಡೆ ನೋಡಿಕೊಂಡು, "ಅವ್ನು ನಿಜ ಯೋಳವ್ನೆ ಕಣೆ. ನಾನೂ ನೋಡ್ದೆ, ಆ ದಾರ ತಡೀನಿಲ್ಲ" ಅಂದರು. ನಾನು ಕೆಂಪು ಕಟ್ಟಿನಲ್ಲಿ ಉಳಿಸಿಕೊಂಡಿದ್ದ ನಾಲ್ಕು ಎಳೆ ತೆಗೆದುಕೊಂಡು ಯಾವತ್ತೋ ಕಣ್ವಕ್ಕೆ ಹೋಗಿದ್ದರಂತೆ. ಒಂದು ಒಳ್ಳೆಯ ಕಾಟ್ಲಾ ಮೀನು ದಾರ ಕಿತ್ತುಕೊಂಡು ಹೋಯಿತಂತೆ. ಮತ್ತೆ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅಷ್ಟು ಕುಸಿಯಾಗಿದ್ದೆ. ನಿನ್ ಮಖ ನೋಡಿ ಯೋಳಕ್ಕಾಗ್ನಿಲ್ಲ" ಅಂದರು. ಯಾಸ್ಮಿನ್ ತಲೆ ಬಗ್ಗಿಸಿ ನಕ್ಕಳು. ನನಗೂ ನಗು ಬಂತು, ಆಮೇಲೆ ಯಾಕೋ ಅಳು ಬಂತು. ಇಷ್ಟು ವರ್ಷ ಜೊತೆಗಿದ್ದವರು ನನ್ನ ಮುಖ ನೋಡಿ ಸುಮ್ಮನಾದರು, ನನ್ನ ಮುಖವನ್ನೇ ನೋಡದವನು ನನಗೆ ಬೇಸರವಾದರೂ ಆಗಲಿ ಎಂದು ಇದ್ದದ್ದು ಬರೆದ. ಇಬ್ಬರ ಮೇಲೂ ನನಗೆ ಸಿಟ್ಟು ಉಳಿಯಲಿಲ್ಲ.

ಅವತ್ತು ಸಾಯಂಕಾಲ ನಿಮ್ಮಪ್ಪ ಜಗಲಿಯಲ್ಲಿ ಕೂತು ಅವನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು, ಹಿಂದಿ ಒಂದಕ್ಷರ ಬರದಿದ್ದರೂ. ಅದರ ಮೂಲೆಯಲ್ಲಿ ಅವನು ಗಂಟು ಹಾಕುವ ಬಗೆಯ ಚಿತ್ರ ಬರೆದಿದ್ದಾನೆ. ಅದನ್ನು ನೋಡಿಕೊಂಡು ಚೀಲ ಹೊಲಿಯುವ ದಾರದಲ್ಲಿ ಗಂಟು ಹಾಕುತ್ತಾ ಕೂತರು. ಬರದಿದ್ದಾಗ ನನ್ನನ್ನೂ ಕರೆದರು. ಇಬ್ಬರಿಗೂ ಬರಲಿಲ್ಲ. "ಬರಲಿ ಬುಡು, ಅವನ್ನೇ ಕೇಳಾನ" ಅಂದರು. ನಾನು ಅವರ ಮುಖ ನೋಡಿದೆ. ಅವರು ಗಂಟು ನೋಡುತ್ತಿದ್ದರು.

ಅದೇ ಉತ್ತರ ಸಿರಿ. ನಮ್ಮಿಬ್ಬರದೂ ಒಪ್ಪಿಗೆ ಇದೆ. ಹುಡುಗನನ್ನು ಕರೆದುಕೊಂಡು ಬಾ. ಅವನ ಮನೆಯವರೂ ಬರಲಿ, ನಮ್ಮ ಕೊಟ್ಟಿಗೆ ಇಣುಕಲಿ, ಬಾವಿ ಇಣುಕಲಿ. ಹುಳು ಮನೆಗೆ ಮಾತ್ರ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಬರಬೇಕು, ಅದನ್ನು ಮೊದಲೇ ಹೇಳಿಡು. ಗೌರಿ ಹಬ್ಬದ ಹೊತ್ತಿಗೆ ಒಂದು ಬೆಳೆ ಮುಗಿದಿರುತ್ತದೆ, ಆಗ ಬಂದರೆ ನನಗೂ ಕೈ ಬಿಡುವು. ಬರುವಾಗ ನಿಮ್ಮಪ್ಪನಿಗೆ ಒಂದು ಗಾಳದ ಕೋಲು ತರಲು ಹೇಳು. ದೊಡ್ಡ ಮೀನಿನದು ಬೇಡ, ಕಣ್ವದ ಜಿಲೇಬಿಗೆ ಎಷ್ಟು ಬೇಕೋ ಅಷ್ಟು. ಯಾವುದು ಹೊಂದುತ್ತದೆ ಎಂದು ಅವನೇ ಆರಿಸಲಿ. ಸುಳ್ಳು ನೊಣ ಒಂದೆರಡು ನನಗೆ. ಹೇಗೆ ಕಟ್ಟುತ್ತಾರೆ ಎಂದು ಬಿಚ್ಚಿ ನೋಡಬೇಕು.

ಅಲ್ಲಿ ಹೊಳೆ ತಣ್ಣಗಿರುತ್ತದೆ ಅನ್ನುತ್ತೀಯ, ಕಾಲಿಗೆ ಸಾಕ್ಸ್ ಹಾಕಿಕೊಂಡಿರು. ಊಟ ಬಿಡಬೇಡ.

ನಿನ್ನ ಅಮ್ಮ,
ಜ್ಯೋತಿಲಕ್ಷ್ಮಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ಕೂತಿದ್ದೆ. ಪಾರ್ಸೆಲ್ ಕಳಿಸಿದ ದಿನ ಪೋಸ್ಟಾಫೀಸಿನಿಂದ ಸೀದಾ ರೇವಣಸಿದ್ದೇಶ್ವರ ಬೆಟ್ಟಕ್ಕೆ ಹೋಗಿ ಹರಕೆ ಹೊತ್ತು ಬಂದಿದ್ದೆ. ಆ ಹುಡುಗ ಸುಳ್ಳು ಹೇಳಲಿ ಎಂದು. ಎರಡೂ ಚೆನ್ನಾಗಿದೆ ಮಾತಾಜಿ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು, ನಿನ್ನನ್ನು ಬೈದು, ಬುದ್ಧಿ ಹೇಳಿ, ಇಲ್ಲೇ ಹತ್ತಿರಕ್ಕೆ ಕರೆಸಿಕೊಳ್ಳಬಹುದಿತ್ತು. ಯಾಸ್ಮಿನ್ ಆ ಕಾಗದ ಒಡೆಯುವಾಗಲೂ ನಾನು ಬೇಡಿಕೊಳ್ಳುತ್ತಿದ್ದದ್ದು ಅದನ್ನೇ ಕಣೇ.