ಮಂಗಳದ ಗಾಳಿ ಎಷ್ಟು ತಣ್ಣಗೆ

೧೪ ಮಾರ್ಚ್ ೧೯೯೯, ಭಾನುವಾರ. ಬಿಳಿಕೆರೆ.

ಹೆಣ್ಣು ನೋಡಲು ಬಂದವರು ಹೋದರು. ನನಗೆ ಇನ್ನೂ ಮೈ ಉರಿಯುತ್ತಿದೆ.

ಹುಡುಗ ಪುಟ್ಟರಾಜು, ಕೆ.ಆರ್. ನಗರದ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬಿ.ಎಸ್ಸಿ.ಯಲ್ಲಿ ಏನು ಇಷ್ಟ ಎಂದು ಕೇಳಿದರು. ಮಂಗಳ ಗ್ರಹವನ್ನು ಸುತ್ತುತ್ತಿರುವ ಗಗನನೌಕೆ, ಅಲ್ಲಿನ ಗಾಳಿ ಎಷ್ಟು ತಣ್ಣಗಿದೆ ಎಂದು ಮೇಲಿನಿಂದಲೇ ಅಳೆಯುವುದನ್ನು ಖುಷಿಯಿಂದ ಹೇಳಿದೆ.

“ಥರ್ಮಾಮೀಟರ್ ತಾಗಿಸ್ದೆ ಅಳೆಯಾಕಾಗಲ್ಲ ಕಣ್ರೀ,” ಎಂದು ನಕ್ಕರು.

“ಒಲೆ ಮುಟ್ದೇನೇ ಬಿಸಿ ಗೊತ್ತಾಗಲ್ವಾ? ಗಾಳಿನೂ ಅಂಗೇ ಶಾಖ ಬಿಡ್ತದೆ. ನೌಕೆ ಅದನ್ನೇ ಅಳೀತದೆ,” ಎಂದೆ.

ಅಪ್ಪನ ಮುಖ ಕಪ್ಪಿಟ್ಟಿತು. “ಮೇಷ್ಟ್ರಿಗೇ ಪಾಠ ಹೇಳ್ತೀಯಾ? ತಪ್ಪಾಯ್ತು ಅನ್ನು.”

ಅಮ್ಮನ ಕಡೆ ನೋಡಿದೆ. ಅವಳು ಉಪ್ಪಿಟ್ಟಿನ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

“ತಪ್ಪಾಯ್ತು. ಅಳೆಯಾಕಾಗಲ್ಲ,” ಎಂದೆ.

ನಾನು ಮೊದಲು ಹೇಳಿದ್ದೇ ಸರಿ ಎಂದು ಪುಟ್ಟರಾಜು ಅವರಿಗೂ ಗೊತ್ತಿತ್ತು. ನಾನು ನೋಡಿದಾಗ ಕಣ್ಣು ತಪ್ಪಿಸಿದರು.

ಹೊರಡುವಾಗ ಅವರ ತಾಯಿ ನನ್ನ ಗಲ್ಲ ಹಿಡಿದು ಅಪ್ಪನಿಗೆ ಹೇಳಿದರು: “ನಮ್ಗೆ ಒಪ್ಗೆ ಕಣಣ್ಣ. ಹೇಳ್ತಿದ್ದಂಗೇ ತಪ್ಪಾಯ್ತು ಅಂದ್ಲಲ್ಲ, ಆ ಗುಣನೇ ಹಿಡಿಸ್ತು.”

ಅಪ್ಪ ಈಗಲೂ ಜಗುಲಿಯಲ್ಲಿ ಕೂತು ಅದನ್ನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಾನೆ. ಅಷ್ಟು ಖುಷಿಯಾಗಿ ಅವನು ನಕ್ಕಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.